ಊರ ಡಾಕ್ಟರಿಗೆ ಮನಸ್ಸು ಅರ್ಥವಾಗಲ್ವಾ?

ಗೋಣಿಕೊಪ್ಪಲಿನ ಓದುಗರೊಬ್ಬರ ಪತ್ರ: ‘ಅಮ್ಮನಿಗೆ ತಿಂಗಳುಗಟ್ಟಲೆ ಎದೆಯುರಿ, ಮೈಕೈ ನೋವು, ನಿದ್ದೆ ಇಲ್ಲ. ನಮ್ಮ ಮನೆ ಡಾಕ್ಟರು ಖಿನ್ನತೆ ಅಂತ ಮಾತ್ರೆ ಕೊಟ್ಟರು. ಹತ್ತು ದಿನವಾದರೂ ಗುಣ ಕಾಣಲಿಲ್ಲ. ಜ್ವರ, ಕೆಮ್ಮು ನೋಡುವವರು ಮನಸ್ಸಿಗೆ ಮದ್ದು ಕೊಡಬಹುದೇ?’

ಸಂಪಾದಕರ ಉತ್ತರ: ಕೊಡಬಹುದು. ಕೊಡಲೇಬೇಕು ಅಂತ ನನ್ನ ವಾದ.

ನಿಮ್ಮ ಅನುಮಾನ ಪೂರ್ತಿ ತಪ್ಪಲ್ಲ. ಎಂಬಿಬಿಎಸ್‌ನಲ್ಲಿ ಮನೋವೈದ್ಯಕೀಯ ಕಲಿಸುವುದು ಕೆಲವೇ ವಾರ. ತಿಂಗಳುಗಟ್ಟಲೆ ನಿದ್ದೆ ಮಾತ್ರೆ ಬರೆದು ಚಟ ಹಿಡಿಸುವವರೂ ಇದ್ದಾರೆ. ಇಲ್ಲದ ದನಿ ಕೇಳಿಸುವವರನ್ನು, ಸಾಯುವ ಮಾತಾಡುವವರನ್ನು ತಜ್ಞರಿಗೆ ತೋರಿಸಲೇಬೇಕು.

ಆದರೆ ನಮ್ಮಲ್ಲಿ ‘ಮನಸ್ಸು ಸರಿ ಇಲ್ಲ’ ಅಂತ ಯಾರು ಡಾಕ್ಟರ ಹತ್ತಿರ ಹೋಗುತ್ತಾರೆ ಹೇಳಿ? ಸುಸ್ತು, ಗ್ಯಾಸ್ಟ್ರಿಕ್ ಅಂತಲೇ ಹೋಗುವುದು. ನಾಪೋಕ್ಲು ಕಡೆಯ ಪರಿಚಿತರೊಬ್ಬರು ಬಿಪಿ ನೋಡಿಸಲು ಹೋಗಿದ್ದರು. ಡಾಕ್ಟರು ತೋಳಿಗೆ ಪಟ್ಟಿ ಸುತ್ತುತ್ತಾ ‘ಮಳೆಗೆ ಮೆಣಸು ಎಷ್ಟು ಹೋಯ್ತು?’ ಅಂದರು. ಆಮೇಲೆ ‘ರಾತ್ರಿ ಎಷ್ಟು ಗಂಟೆಗೆ ಎಚ್ಚರ ಆಗುತ್ತೆ?’ ಅಷ್ಟಕ್ಕೇ ಇವರು ಅತ್ತುಬಿಟ್ಟರಂತೆ. ಡಾಕ್ಟರು ಮಡಿಕೇರಿಯ ಮನೋವೈದ್ಯರಿಗೆ ಚೀಟಿ ಬರೆದು, ಹೆಂಡತಿಯನ್ನು ಪಕ್ಕಕ್ಕೆ ಕರೆದು, ‘ಮನೆಯ ಕೋವಿ ಸ್ವಲ್ಪ ದಿನ ಮೈದುನನ ಹತ್ತಿರ ಇರಲಿ ಅಕ್ಕ’ ಅಂದರು. ದೊಡ್ಡ ಆಸ್ಪತ್ರೆಯ ಫಾರಂನಲ್ಲಿ ಕೋವಿಗೆ ಕಾಲಂ ಇರಲ್ಲ.

ಇದು ಹೊಸ ವಿಚಾರವೂ ಅಲ್ಲ. 1970ರ ದಶಕದಲ್ಲೇ ನಿಮ್ಹಾನ್ಸ್‌ನವರು ಬೆಂಗಳೂರು ಪಕ್ಕದ ಸಕಲವಾರದಲ್ಲಿ ಊರ ಮಟ್ಟದಲ್ಲೇ ಮನಸ್ಸಿಗೆ ಚಿಕಿತ್ಸೆ ಕೊಡುವುದನ್ನು ಮಾಡಿ ನೋಡಿದ್ದರು. ಮುಂದೆ ಬಳ್ಳಾರಿ ಜಿಲ್ಲೆಯಲ್ಲಿ ಸಾಮಾನ್ಯ ಡಾಕ್ಟರಿಗೇ ತರಬೇತಿ ಕೊಟ್ಟರು. ಅದೇ ಮಾದರಿಯಲ್ಲಿ 1996ರಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ದೇಶಕ್ಕೆ ಬಂತು. ನಮ್ಮ ನೆಲದ್ದೇ ಕೆಲಸ, ನಮಗೇ ನಂಬಿಕೆ ಇಲ್ಲ!

ಇನ್ನು ನಿಮಗೊಂದು ಸಣ್ಣ ಬೈಗುಳ. ಖಿನ್ನತೆಯ ಮಾತ್ರೆ ಹಿಡಿಯಲು ಎರಡರಿಂದ ನಾಲ್ಕು ವಾರವಾದರೂ ಬೇಕು. ಹತ್ತು ದಿನಕ್ಕೇ ನನಗೆ ಪತ್ರ ಬರೆಯುವ ಬದಲು ಡಾಕ್ಟರನ್ನೇ ಕೇಳಬಹುದಿತ್ತು, ಅಲ್ವಾ? ಸುಮ್ನೆ ನಿಲ್ಲಿಸಿಬಿಡಬೇಡಿ. ಥೈರಾಯ್ಡ್, ಇಸಿಜಿ ನೋಡಿದ್ದಾರಾ ಅಂತ ವಿಚಾರಿಸಿ. ರಾತ್ರಿ ಅಮ್ಮನಿಗೆ ತೀರಾ ಕಷ್ಟವಾದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ, ಕನ್ನಡದಲ್ಲೇ ಮಾತಾಡುತ್ತಾರೆ.

ನನ್ನ ಚಿಂತೆ ಬೇರೆ. ಇಂಥ ಡಾಕ್ಟರುಗಳಿಗೆಲ್ಲ ವಯಸ್ಸಾಯಿತು. ಮಕ್ಕಳು ಡಾಕ್ಟರಾದರೂ ಊರಿಗೆ ಬರಲ್ಲ. ನಮ್ಮ ಬೀದಿಯ ಡಾಕ್ಟರು ಇನ್ನೂ ಬಾಗಿಲು ಹಾಕಿಲ್ಲ, ಆಗಲೇ ಇಬ್ಬರು ಬಂದು ಕೇಳಿದ್ದಾರೆ, ಕ್ಲಿನಿಕ್ ಜಾಗ ಹೋಂಸ್ಟೇಗೆ ಕೊಡ್ತೀರಾ ಅಂತ.