ಓದುಗರು ಕೇಳಿದ್ದು: ಹಗ್ಗದ ಮೇಲೆ ನಡೆಯುವ ಸಾಹಸಿಗೆ ಎಂಥ ನಿಯಮ ಬೇಕು?

ಪ್ರಶ್ನೆ: ಮಾನ್ಯರೇ, ಮಳೆಗಾಲದಲ್ಲಿ ಕರೆಂಟು ಇಲ್ಲದ ಸಂಜೆಗಳಲ್ಲಿ ನಾವು ಐವರು ಗೆಳೆಯರು ಒಬ್ಬೊಬ್ಬರು ಒಂದು ಕಾಲ್ಪನಿಕ ಪಾತ್ರ ವಹಿಸಿ, ದಾಳ ಹಾಕಿ ಆಡುವ ಫ್ಯಾಂಟಸಿ ರೋಲ್‌ಪ್ಲೇಯಿಂಗ್ ಆಟವನ್ನು ಆಡುತ್ತೇವೆ. ಗೇಮ್ ಮಾಸ್ಟರ್, ಅಂದರೆ ಕಥೆ ನಡೆಸಿ ತೀರ್ಪು ಕೊಡುವವನು, ನಾನೇ. ಈ ಸಲ ಯೋಧ, ಮಂತ್ರವಾದಿ, ಕಳ್ಳ ಎಂಬ ರೂಢಿಯ ಕ್ಲಾಸ್‌ಗಳ (ಪಾತ್ರದ ಬಗೆಗಳ) ಜೊತೆಗೆ, ಹಗ್ಗದ ಮೇಲೆ ನಡೆಯುವ, ಲಾಗ ಹಾಕುವ, ಮಾಡಿನಿಂದ ಮಾಡಿಗೆ ಹಾರುವ ಸಾಹಸಿಯ ಕ್ಲಾಸ್ ಒಂದನ್ನು ಬರೆದೆ. ಓಡಿ ಜಿಗಿಯಲು ಒಂದು ದಾಳ, ಹಗ್ಗ ಹಿಡಿಯಲು ಒಂದು, ಜೋಲಿ ಹೊಡೆದು ಶತ್ರುವನ್ನು ಒದೆಯಲು ಮತ್ತೊಂದು ಎಂದು ನಿಯಮ ಮಾಡಿದೆ. ದಾಳದ ಸಂಖ್ಯೆಗೆ ಪಾತ್ರದ ಕೌಶಲ 5 ಕೂಡಿಸಿ ಗುರಿ 12 ಮುಟ್ಟಬೇಕು. ಆ ಪಾತ್ರ ವಹಿಸಿದ ಗೆಳೆಯ ಬಹುಪಾಲು ಬೀಳುತ್ತಲೇ ಇದ್ದ. ಮೂರನೆಯ ವಾರಕ್ಕೆ ಬೇಸತ್ತು ಯೋಧನ ಪಾತ್ರಕ್ಕೆ ಮರಳಿದ. ಕೌಶಲದ ಅಂಕ ಹೆಚ್ಚಿಸಿದರೆ ಸರಿಹೋದೀತೆ?
(ಓದುಗರು, ಗೋಣಿಕೊಪ್ಪಲು)

ಉತ್ತರ: ಅಂಕ ಹೆಚ್ಚಿಸಿ ಪ್ರಯೋಜನವಿಲ್ಲ, ದಾಳ ಹಾಕುವ ಸಲಗಳನ್ನು ಇಳಿಸಬೇಕು. ನಿಮ್ಮದೇ ಲೆಕ್ಕವನ್ನು ತೆಗೆದುಕೊಳ್ಳೋಣ. ಗುರಿ 12, ಕೌಶಲ 5 ಇದ್ದಾಗ ಇಪ್ಪತ್ತು ಮುಖದ ದಾಳದಲ್ಲಿ 7 ಅಥವಾ ಅದಕ್ಕೂ ಹೆಚ್ಚು ಬಿದ್ದರೆ ಗೆಲುವು, ಅಂದರೆ ನೂರಕ್ಕೆ 70. ಮೂರು ದಾಳಗಳನ್ನೂ ಸಾಲಾಗಿ ಗೆಲ್ಲಬೇಕೆಂದರೆ 70 ಎನ್ನುವುದು 34ಕ್ಕೆ ಕುಸಿಯುತ್ತದೆ. ಪಕ್ಕದಲ್ಲಿ ನಿಂತಲ್ಲೇ ಕತ್ತಿ ಬೀಸುವ ಯೋಧನಿಗಾದರೋ ಒಂದೇ ದಾಳ, ಅದೇ 70. ನೀವು ಕೌಶಲವನ್ನು 7ಕ್ಕೆ ಏರಿಸಿದರೂ ಒಂದೊಂದು ದಾಳದ ಗೆಲುವು 80 ಆಗಿ, ಮೂರೂ ಸೇರಿ 51ರ ಹತ್ತಿರ ನಿಲ್ಲುತ್ತದೆ. ಸಾಹಸಿಯೆಂದು ಹೆಸರಿಟ್ಟು, ಸಾಹಸ ಮಾಡಿದಷ್ಟೂ ಸೋಲು ಹೆಚ್ಚುವಂತೆ ನಿಯಮ ಬರೆದರೆ ಆಟಗಾರನು ನಿಂತಲ್ಲಿಂದ ಕದಲದಿರುವುದೇ ಜಾಣತನವಾಗುತ್ತದೆ. ನಿಮ್ಮ ಗೆಳೆಯರು ಯೋಧನ ಪಾತ್ರಕ್ಕೆ ಮರಳಿದ್ದು ಸರಿಯಾದ ತೀರ್ಮಾನವೇ ಆಗಿತ್ತು.

ಈ ತೊಡಕು ಹಳೆಯದು. ಈ ಬಗೆಯ ಆಟಗಳಿಗೆ ಮೊದಲಾದ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಟ 1974ರಲ್ಲಿ ಪ್ರಕಟವಾಯಿತು. ಅದನ್ನು ರೂಪಿಸಿದವರಲ್ಲಿ ಒಬ್ಬರಾದ ಗ್ಯಾರಿ ಗೈಗ್ಯಾಕ್ಸ್ 1985ರ ನಿಯಮ ಪುಸ್ತಕವೊಂದರಲ್ಲಿ 'ಥೀಫ್-ಆಕ್ರೋಬ್ಯಾಟ್' ಎಂಬ ಕ್ಲಾಸನ್ನು ಸೇರಿಸಿದರು. ಮೊದಲು ಕಳ್ಳನಾಗಿ ಕೆಲವು ಲೆವೆಲ್‌ಗಳನ್ನು (ಪಾತ್ರ ಬಲಿಯುವ ಹಂತಗಳನ್ನು) ದಾಟಿ, ಆಮೇಲೆ ದಾರಿ ಬದಲಿಸಿ ಈ ಕ್ಲಾಸಿಗೆ ಹೊರಳಬೇಕಿತ್ತು. ಹಗ್ಗದ ನಡಿಗೆ, ಗಳೆ ಊರಿ ಹಾರುವುದು, ಎತ್ತರದ ಜಿಗಿತ, ಉದ್ದದ ಜಿಗಿತ, ಲಾಗ ಹಾಕುವುದು ಎಂದು ಒಂದೊಂದಕ್ಕೂ ಪ್ರತ್ಯೇಕ ಅಳತೆಯ ಪಟ್ಟಿ ಇತ್ತು. ಶ್ರದ್ಧೆಯಿಂದ ಮಾಡಿದ ಕೆಲಸವೆಂಬುದರಲ್ಲಿ ಸಂಶಯವಿಲ್ಲ. ಆದರೆ ಆ ಪಟ್ಟಿಗಳು ಎಷ್ಟು ಅಡಿ ಹಾರಬಹುದು ಎಂಬುದನ್ನು ಹೇಳುತ್ತವೆಯೇ ಹೊರತು, ಹಾರಲೇಬೇಕೆಂಬ ಆಸೆಯನ್ನು ಆಟಗಾರನಲ್ಲಿ ಹುಟ್ಟಿಸುವುದಿಲ್ಲ ಎಂದು ನನ್ನ ಅಭಿಪ್ರಾಯ.

ಆಸೆ ಹುಟ್ಟಬೇಕಾದರೆ ಅಪಾಯವು ಆಟಗಾರನ ಆಯ್ಕೆಯಾಗಿರಬೇಕು. ನಾನು ಸೂಚಿಸುವ ನಿಯಮ ಇದು. ಆಟಗಾರನು ತನ್ನ ಸರದಿಯಲ್ಲಿ ಮಾಡಹೊರಟ ಸಾಹಸವನ್ನೆಲ್ಲ ಒಂದೇ ಉಸಿರಿನಲ್ಲಿ ಹೇಳಲಿ, ಅದಕ್ಕೆ ಒಂದೇ ದಾಳ ಹಾಕಲಿ. ದಾಳ ಹಾಕುವ ಮೊದಲು ಅವನು ತನಗಿಷ್ಟವಿದ್ದರೆ ಮೂರರವರೆಗೆ 'ಪಣ' ಒಡ್ಡಬಹುದು. ಒಂದೊಂದು ಪಣಕ್ಕೂ ಗುರಿ 2ರಷ್ಟು ಏರುತ್ತದೆ, ಒಂದೊಂದು ಪಣವೂ ಗೆದ್ದಾಗ ಒಂದು ಹೆಚ್ಚಿನ ಫಲ ಕೊಡುತ್ತದೆ: ಹಾರುವಾಗಲೇ ಶತ್ರುವಿನ ಕೈಯ ಆಯುಧ ಕಸಿಯುವುದು, ಗೆಳೆಯನನ್ನು ಎತ್ತಿಕೊಂಡು ಹೋಗುವುದು, ಯಾರ ಏಟಿಗೂ ಸಿಗದೆ ನಡುವೆ ನುಸುಳುವುದು, ಹೀಗೆ. ಮೂರು ಪಣ ಒಡ್ಡಿದಾಗ 12ರ ಗುರಿ 18 ಆಗುತ್ತದೆ. ದಾಳದಲ್ಲಿ 13 ಅಥವಾ ಹೆಚ್ಚು ಬಿದ್ದರೆ ಎಲ್ಲವೂ ಕೈಗೂಡುತ್ತದೆ, ಇದು ನೂರಕ್ಕೆ 40. ಆರು ಅಥವಾ ಕಡಿಮೆ ಬಿದ್ದರೆ ಪಾತ್ರ ಬೀಳುತ್ತದೆ, ಇದು 30. ಉಳಿದ 30, ಅಂದರೆ 7ರಿಂದ 12ರವರೆಗಿನ ಮುಖಗಳು, ಈ ಕ್ಲಾಸಿನ ಜೀವಾಳ. ಅಲ್ಲಿ ಸಾಹಸಿ ಸೇರಬೇಕಾದ ಕಡೆಗೆ ಸೇರುತ್ತಾನೆ, ಪಣ ಮಾತ್ರ ಕೈತಪ್ಪುತ್ತದೆ: ಕಸಿಯಹೋದ ಕತ್ತಿ ಕಣಿವೆಗೆ ಬೀಳುತ್ತದೆ, ಅಥವಾ ಅವನು ಬುರುಜಿನ ಅಂಚನ್ನು ಒಂದೇ ಕೈಯಲ್ಲಿ ಹಿಡಿದು ತೂಗಾಡುತ್ತಾನೆ. ಮೇಜಿನ ಸುತ್ತ ಕುಳಿತವರು ಉಸಿರು ಬಿಗಿಹಿಡಿಯುವುದು ಇಂಥ ಗಳಿಗೆಗಳಲ್ಲಿ. ಪಣದಿಂದ ಬೀಳುವ ಅಪಾಯ ಹೆಚ್ಚುವುದಿಲ್ಲ, ಕಳೆದುಕೊಳ್ಳುವ ವಸ್ತು ಹೆಚ್ಚುತ್ತದೆ ಎಂಬುದನ್ನು ಗಮನಿಸಿ. ಪಣ ಒಡ್ಡಲು ಧೈರ್ಯ ಬರುವುದು ಇದರಿಂದಲೇ.

ಇದಕ್ಕೆ 'ಎದೆಗಾರಿಕೆ' ಎಂಬ ಅಂಕವನ್ನು ಜೋಡಿಸಿ. ಒಡ್ಡಿದ ಪಣ ಕೈತಪ್ಪಿದಾಗಲೆಲ್ಲ ಒಂದು ಎದೆಗಾರಿಕೆ ದೊರೆಯುತ್ತದೆ, ಮೂರಕ್ಕಿಂತ ಹೆಚ್ಚು ಕೂಡಿಡುವಂತಿಲ್ಲ. ಒಂದನ್ನು ಖರ್ಚು ಮಾಡಿದರೆ ಬೀಳುವ ಫಲವನ್ನು ತೂಗಾಡುವ ಫಲವಾಗಿ ಬದಲಿಸಿಕೊಳ್ಳಬಹುದು. ಬೆಳಗಾದರೆ ಉಳಿದದ್ದೆಲ್ಲ ಮಾಯವಾಗಬೇಕು. ಮಂತ್ರವಾದಿಯ ಶಕ್ತಿ ನಿದ್ರೆಯಿಂದ ಮರಳುತ್ತದೆ; ಸಾಹಸಿಯ ಶಕ್ತಿ ಸಾಹಸದಿಂದಲೇ ಹುಟ್ಟಿ ನಿದ್ರೆಯಲ್ಲಿ ಕರಗಲಿ. ಎರಡು ಪಾತ್ರಗಳ ಸ್ವಭಾವ ಬೇರೆಯೆಂಬುದು ಆಗ ನಿಯಮದಲ್ಲೇ ಕಾಣುತ್ತದೆ.

ಇನ್ನೊಂದು ವಿಷಯ ನಿಮ್ಮ ಹಾಳೆಯಲ್ಲಿ ಎಲ್ಲೂ ಇಲ್ಲ, ಅದನ್ನು ಹೇಳಲೇಬೇಕು. ನಿಮ್ಮ ಊರಿನ ತೋಟಗಳಲ್ಲಿ ಕರಿಮೆಣಸು ಬಿಡಿಸುವವರನ್ನು ನೀವು ದಿನವೂ ನೋಡಿರುತ್ತೀರಿ, ಕೊಯ್ಲಿನ ಕಾಲದಲ್ಲಿ ಒಮ್ಮೆ ಈ ಆಟದ ಕಣ್ಣಿನಿಂದಲೂ ನೋಡಿ. ಗೆಣ್ಣಿನ ಬಳಿ ಕವಲು ಉಳಿಸಿದ ಒಂಟಿ ಬಿದಿರೇ ಏಣಿ. ಅದನ್ನು ಸಿಲ್ವರ್ ಓಕ್ ಮರಕ್ಕೆ ಒರಗಿಸಿದ ಮೇಲೆ ಅವರು ಕೂಡಲೇ ಹತ್ತುವುದಿಲ್ಲ. ಬುಡವನ್ನು ಮಣ್ಣಿನಲ್ಲಿ ತಿರುಗಿಸಿ ಊರುತ್ತಾರೆ, ಎರಡೂ ಕೈಯಿಂದ ಅಲುಗಿಸುತ್ತಾರೆ, ಮೊದಲ ಕವಲಿನ ಮೇಲೆ ಕಾಲಿಟ್ಟು ಮೈಭಾರವನ್ನು ಅರ್ಧ ಮಾತ್ರ ಬಿಡುತ್ತಾರೆ. ಮೇಲೆ ಹೋದ ಮೇಲೆ ಏಣಿಯ ತುದಿಯನ್ನು ಮರಕ್ಕೆ ಹಗ್ಗದಿಂದ ಬಿಗಿಯುತ್ತಾರೆ. ಅನಂತರವೇ ಒಂದು ಕೈ ಬಳ್ಳಿಗೆ ಹೋಗುತ್ತದೆ. ಅಷ್ಟೆಲ್ಲ ಎಚ್ಚರ ವಹಿಸಿದರೂ ಬಿದ್ದು ಸೊಂಟ ಮುರಿದುಕೊಂಡವರಿದ್ದಾರೆ ಎನ್ನುವುದನ್ನು ನಾವು ಮರೆಯಬಾರದು, ಅವರ ದುಡಿಮೆ ನಮ್ಮ ಆಟದಂತಲ್ಲ. ಆದರೆ ಎತ್ತರವನ್ನು ಬಲ್ಲವರು ಎತ್ತರದೊಡನೆ ಹೇಗೆ ವ್ಯವಹರಿಸುತ್ತಾರೆ ಎಂಬುದಕ್ಕೆ ಅದಕ್ಕಿಂತ ಒಳ್ಳೆಯ ಪಾಠ ನನಗೆ ಬೇರೆಲ್ಲೂ ಸಿಕ್ಕಿಲ್ಲ.

ಹೆಸರಾಂತ ಸಾಹಸಿಗಳ ಕಥೆಯೂ ಇದೇ. ಫ್ರಾನ್ಸಿನ ಬ್ಲಾಂಡಿನ್ 1859ರ ಜೂನ್ 30ರಂದು ನಯಾಗರಾ ಕಮರಿಯ ಮೇಲೆ ಹಗ್ಗದಲ್ಲಿ ನಡೆದು ದಾಟಿದರು, ಅದೇ ವರ್ಷ ಆಗಸ್ಟಿನಲ್ಲಿ ತಮ್ಮ ವ್ಯವಸ್ಥಾಪಕರನ್ನು ಬೆನ್ನ ಮೇಲೆ ಹೊತ್ತು ನಡೆದರು. ಆ ಹಗ್ಗ ತೂಗದಂತೆ ಎರಡೂ ಬದಿಗೆ ಬಿಗಿಹಗ್ಗಗಳನ್ನು ಕಟ್ಟಲಾಗಿತ್ತು. ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಹುಟ್ಟಿದ 1974ರಲ್ಲೇ, ಆಗಸ್ಟ್ 7ರಂದು, ಫಿಲಿಪ್ ಪೆಟೀ ನ್ಯೂಯಾರ್ಕಿನ ಅವಳಿ ಗೋಪುರಗಳ ನಡುವೆ ಸುಮಾರು 400 ಮೀಟರ್ ಎತ್ತರದಲ್ಲಿ ತಂತಿಯ ಮೇಲೆ ಎಂಟು ಸಲ ಅತ್ತಿಂದಿತ್ತ ನಡೆದರು. ಜನ ನೋಡಿದ್ದು ಸುಮಾರು ಮುಕ್ಕಾಲು ಗಂಟೆಯ ನಡಿಗೆಯನ್ನು. ಅದರ ಹಿಂದೆ ವರ್ಷಗಟ್ಟಲೆ ಸಿದ್ಧತೆ ಇತ್ತು, ಹಿಂದಿನ ರಾತ್ರಿ ಒಂದು ಗೋಪುರದಿಂದ ಇನ್ನೊಂದಕ್ಕೆ ಮೊದಲ ದಾರವನ್ನು ಬಿಲ್ಲುಬಾಣದಿಂದ ದಾಟಿಸಿದ್ದರು. ಆದುದರಿಂದ ನಿಮ್ಮ ಕ್ಲಾಸಿಗೆ 'ನೆಲೆ ನೋಡುವುದು' ಎಂಬ ಕ್ರಿಯೆಯೊಂದನ್ನು ಕೊಡಿ. ಒಂದು ಸರದಿಯನ್ನು ಅದಕ್ಕೆ ಕಳೆದರೆ ಆ ಜಾಗದ ಬಗ್ಗೆ ಎರಡು ಪ್ರಶ್ನೆ ಕೇಳುವ ಹಕ್ಕು ಆಟಗಾರನಿಗೆ ಬರಲಿ: ಯಾವ ತೊಲೆ ನನ್ನ ಭಾರ ತಡೆಯುತ್ತದೆ, ಯಾವ ಹಗ್ಗ ಕೊಳೆತಿದೆ, ಎಲ್ಲಿ ಪಾಚಿ ಇದೆ. ಗೇಮ್ ಮಾಸ್ಟರ್ ಸತ್ಯವನ್ನೇ ಹೇಳಬೇಕು, ಆ ಉತ್ತರವನ್ನು ಬಳಸಿ ಮಾಡುವ ಮೊದಲ ಸಾಹಸದಲ್ಲಿ ಒಂದು ಪಣಕ್ಕೆ ಗುರಿ ಏರಬಾರದು. ಬಿಲ್ಲಿನಿಂದ ಹಗ್ಗ ದಾಟಿಸುವ ಕೌಶಲವನ್ನೂ ಮೂರನೆಯ ಲೆವೆಲ್‌ಗೆ ಇಡಬಹುದು. ಅದರಿಂದ ತಂಡದ ಉಳಿದವರಿಗೂ ದಾರಿ ತೆರೆಯುತ್ತದೆ, ಸಾಹಸಿ ಒಬ್ಬನೇ ಮುಂದೆ ಹೋಗಿ ಕಾಯುವ ಬೇಸರ ತಪ್ಪುತ್ತದೆ.

ಪ್ರಶ್ನೆ: ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಟದ ಐದನೆಯ ಆವೃತ್ತಿಯ ನಿಯಮದಂತೆ, ಬಿದ್ದಾಗ ಹತ್ತು ಅಡಿಗೆ ಒಂದು ಆರುಮುಖದ ದಾಳದಷ್ಟು ಪೆಟ್ಟು. ನಮ್ಮ ತಂಡದ ಸಾಹಸಿ 80 ಜೀವಾಂಕ (ಪೆಟ್ಟು ಬಿದ್ದಂತೆ ಇಳಿಯುವ ಅಂಕ) ಇಟ್ಟುಕೊಂಡು, ಲೆಕ್ಕ ಹಾಕಿ, ನೂರು ಅಡಿ ಬಂಡೆಯಿಂದ ಸುಮ್ಮನೆ ಧುಮುಕುತ್ತಾಳೆ. ಭಯವೇ ಇಲ್ಲವಾದರೆ ಸಾಹಸವೆಲ್ಲಿ?
(ಓದುಗರು, ಮಡಿಕೇರಿ)

ಉತ್ತರ: ನಿಮ್ಮ ಅಸಮಾಧಾನ ನ್ಯಾಯವಾದದ್ದು. ನೂರು ಅಡಿಗೆ ಹತ್ತು ದಾಳ, ಸರಾಸರಿ 35. ಎಂಬತ್ತು ಜೀವಾಂಕದವಳಿಗೆ ಅದು ಮೆಟ್ಟಿಲು ಇಳಿದಂತೆ. ಅದೇ ಆವೃತ್ತಿಯ ಮಾಂಕ್ (ಸನ್ಯಾಸಿ ಯೋಧ) ಕ್ಲಾಸಿನಲ್ಲಿ ಇದು ಇನ್ನೂ ಎದ್ದು ಕಾಣುತ್ತದೆ: ನಾಲ್ಕನೆಯ ಲೆವೆಲ್‌ನಲ್ಲಿ ಬೀಳುವ ಪೆಟ್ಟಿನಿಂದ ಲೆವೆಲ್ಲಿನ ಐದು ಪಟ್ಟು, ಅಂದರೆ 20, ಕಳೆಯಬಹುದು, ಐವತ್ತು ಅಡಿಯಿಂದ ಬಿದ್ದಾಗಿನ ಸರಾಸರಿ ಪೆಟ್ಟು 17.5 ಮಾತ್ರ.

ಎತ್ತರ ಇಮ್ಮಡಿಯಾದರೆ ಪೆಟ್ಟೂ ಇಮ್ಮಡಿಯಾಗುವುದು ಭೌತವಿಜ್ಞಾನಕ್ಕೆ ಹೊಂದುತ್ತದೆ, ಬೀಳುವ ದೇಹದ ಶಕ್ತಿ ಎತ್ತರದಷ್ಟೇ ಬೆಳೆಯುತ್ತದೆ. ನಿಯಮದಲ್ಲಿ ಬಿಟ್ಟುಹೋಗಿರುವುದು ನಿಲ್ಲುವ ದೂರ. ಮೂರು ಮೀಟರಿನಿಂದ ಬಿದ್ದವರು ಕಾಲು ಸೆಟೆದು ಐದು ಸೆಂಟಿಮೀಟರಿನಲ್ಲಿ ನಿಂತರೆ ದೇಹದ ಮೇಲೆ ಸರಾಸರಿ ತಮ್ಮ ತೂಕದ ಸುಮಾರು ಅರವತ್ತು ಪಟ್ಟು ಒತ್ತಡ ಬರುತ್ತದೆ. ಮಂಡಿ ಮಡಚಿ, ಸೊಂಟ ಬಾಗಿಸಿ ಅರ್ಧ ಮೀಟರಿನಲ್ಲಿ ನಿಂತರೆ ಅದು ಸುಮಾರು ಏಳು ಪಟ್ಟಿಗೆ ಇಳಿಯುತ್ತದೆ. ಲಾಗಪಟುಗಳು ಕಲಿಯುವ ವಿದ್ಯೆಯ ಬಹುಭಾಗ ಈ ಅರ್ಧ ಮೀಟರನ್ನು ಗಳಿಸುವುದೇ ಆಗಿದೆ.

ಆದುದರಿಂದ ದಾಳದ ಸಂಖ್ಯೆಯನ್ನು ಎತ್ತರವೂ, ದಾಳದ ಗಾತ್ರವನ್ನು ನೆಲವೂ ನಿರ್ಧರಿಸಲಿ. ಕಾಫಿ ಒಣಗಿಸುವ ಸಿಮೆಂಟು ಕಣದಂಥ ನೆಲಕ್ಕೆ ಹತ್ತುಮುಖದ ದಾಳ, ಸಾಮಾನ್ಯ ಮಣ್ಣಿಗೆ ಆರುಮುಖದ್ದು, ನಾಟಿಗೆ ಸಿದ್ಧವಾದ ಕೆಸರುಗದ್ದೆಗೋ ಹುಲ್ಲುಬಣವೆಗೋ ನಾಲ್ಕುಮುಖದ್ದು. ಸಾಹಸಿಯು ಬೀಳುವ ಮೊದಲೇ ನೆಲ ನೋಡಿದ್ದರೆ ಎರಡು ದಾಳಗಳನ್ನು ತೆಗೆದುಹಾಕಬಹುದು, ನೋಡದೆ ಬಿದ್ದರೆ ಒಂದನ್ನೂ ತೆಗೆಯುವಂತಿಲ್ಲ. ಹಾಕಿದ ದಾಳಗಳಲ್ಲಿ ಯಾವುದೇ ಎರಡು ತಮ್ಮ ಗರಿಷ್ಠ ಸಂಖ್ಯೆ ತೋರಿಸಿದರೆ ಜೀವಾಂಕದ ಜೊತೆಗೆ ಒಂದು ಗಾಯವೂ ಆಗಲಿ: ಉಳುಕಿದ ಪಾದ, ಮುರಿದ ಮಣಿಕಟ್ಟು. ಆ ಗಾಯ ಮಂತ್ರದಿಂದ ಕೂಡಲೇ ಮಾಯಬಾರದು. ಹತ್ತು ದಾಳ ಹಾಕುವ ಎತ್ತರದಲ್ಲಿ ಇಂಥ ಜೋಡಿ ಬೀಳುವ ಸಂಭವ ಆರುಮುಖದ ದಾಳದಲ್ಲೂ ಅರ್ಧಕ್ಕರ್ಧ ಇರುವುದರಿಂದ ನಿಮ್ಮ ಸಾಹಸಿ ಬಂಡೆಯ ತುದಿಯಲ್ಲಿ ನಿಂತು ಒಮ್ಮೆ ಕೆಳಗೆ ನೋಡಿಯೇ ನೋಡುತ್ತಾಳೆ.

ಪ್ರಶ್ನೆ: ಇಂಥ ಕ್ಲಾಸಿಗೆ 'ದೊಂಬ' ಎಂದು ಹೆಸರಿಡಬಹುದೇ? ಹೋರಾಟದ ಶೈಲಿಗೆ ನಮ್ಮ ಕೊಡಗು ಜಿಲ್ಲೆಯಿಂದ ಏನನ್ನಾದರೂ ತೆಗೆದುಕೊಳ್ಳಬಹುದೇ?
(ಓದುಗರು, ಸೋಮವಾರಪೇಟೆ)

ಉತ್ತರ: ಹೆಸರು ಬೇಡ. ಅದು ಹಗ್ಗ ಮತ್ತು ಗಳೆಯ ಮೇಲಿನ ಆಟವನ್ನು ತಲೆಮಾರುಗಳಿಂದ ಬದುಕಾಗಿಸಿಕೊಂಡ ಒಂದು ಸಮುದಾಯದ ಹೆಸರು, 'ದೊಂಬರಾಟ' ಎಂಬ ಮಾತನ್ನು ನಾವು ಬೈಗುಳವಾಗಿಯೂ ಬಳಸಿ ಕೆಡಿಸಿದ್ದೇವೆ. ಯಾರೋ ಹುಟ್ಟಿನಿಂದ ಹೊತ್ತ ಹೆಸರನ್ನು ಲೆವೆಲ್ ಏರುವ ಕಸುಬಾಗಿ ಮಾಡುವುದು ನನಗೆ ಸರಿಕಾಣದು. ಮಾಡುವ ಕೆಲಸದಿಂದಲೇ ಹೆಸರು ಹುಟ್ಟಲಿ: 'ಲಂಘಕ' ಅಥವಾ 'ಲಂಘಕಿ' ಎಂದರೆ ಸಮುದ್ರಲಂಘನದ ಕಥೆ ಕೇಳಿ ಬೆಳೆದ ಎಲ್ಲರಿಗೂ ಅರ್ಥವಾಗುತ್ತದೆ.

ಹೋರಾಟದ ಶೈಲಿಗೆ ಸುಗ್ಗಿಯ ಹಬ್ಬವಾದ ಪುತ್ತರಿಯ ಸಮಯದಲ್ಲಿ ಮಂದಿನಲ್ಲಿ (ಊರ ಬಯಲಿನಲ್ಲಿ) ಆಡುವ ಪರಿಯಕಳಿಯನ್ನು ನೋಡಿ. ಇಬ್ಬರ ಕೈಯಲ್ಲೂ ಬೆತ್ತ ಮತ್ತು ಗುರಾಣಿ ಇರುತ್ತದೆ. ಮಂಡಿಯಿಂದ ಕೆಳಗೆ ಮಾತ್ರ ಹೊಡೆಯಬೇಕು. ಈ ಒಂದು ಕಟ್ಟಳೆಯಿಂದ ಆಟಗಾರರ ಕಾಲು ನೆಲದಲ್ಲಿ ನಿಲ್ಲುವುದೇ ಇಲ್ಲ. ಲಂಘಕನಿಗೆ ಇದನ್ನು ಹೀಗೆ ಇಳಿಸಬಹುದು: ಅವನು ಶತ್ರುವಿನ ಕಾಲಿಗೆ ಮಾತ್ರ ಹೊಡೆಯುವೆನೆಂದು ಸಾರಿದರೆ ಪೆಟ್ಟು ಅರ್ಧವಾಗುತ್ತದೆ, ಆದರೆ ಏಟು ತಗುಲಿದ ಶತ್ರು ಆ ಸರದಿಯಲ್ಲಿ ಕದಲಲಾರ, ಲಂಘಕನು ಆ ಸರದಿಯಲ್ಲಿ ಜಾಗ ಬದಲಿಸಿದ್ದರೆ ಅವನ ಮೇಲಿನ ಮುಂದಿನ ಏಟಿಗೆ ಗುರಿ 3ರಷ್ಟು ಏರುತ್ತದೆ. ನಿಂತಲ್ಲೇ ನಿಂತರೆ ಈ ರಕ್ಷಣೆ ಇಲ್ಲ. ಭಾರದ ಕವಚ ತೊಟ್ಟರೂ ಇಲ್ಲ.