ಪಕ್ಕದ ಬಾಗಿಲು ಮುಚ್ಚಿ, ಮೊದಲು ಗಾಳಿಯ ದಾರಿ ನೋಡಿ

ವಾಡಿಯಿಂದ ಕೇಳಿದ್ದೀರಿ: ಮಧ್ಯಾಹ್ನವಾದರೆ ಕಂಪ್ಯೂಟರ್ ತಾನಾಗಿಯೇ ಬಂದ್ ಆಗುತ್ತದೆ, ಕ್ಯಾಬಿನೆಟ್‌ನ ಪಕ್ಕದ ಬಾಗಿಲು ತೆಗೆದು ಟೇಬಲ್ ಫ್ಯಾನ್ ಇಡಿ ಎಂದು ಅಂಗಡಿಯವರು ಹೇಳಿದರು, ಇಡಬಹುದೇ ಎಂದು. ಬೇಡ ಸರ್. ನಾಲ್ಕು ದಿನ ತಂಪಾಗಿರುತ್ತದೆ, ನಿಜ. ಆದರೆ ಊರಲ್ಲಿ ಸಿಮೆಂಟ್ ಕಾರ್ಖಾನೆ, ಸುತ್ತ ಕಲ್ಲುಗಣಿ; ಆ ಧೂಳಿಗೆ ನೀವೇ ಬಾಗಿಲು ತೆರೆದು ಕೊಡುತ್ತೀರಿ.

ಎಷ್ಟು ಫ್ಯಾನ್ ಇವೆ ಎಂಬುದಕ್ಕಿಂತ ಗಾಳಿ ಎಲ್ಲಿಂದ ಒಳಗೆ ಬರುತ್ತಿದೆ ಎಂಬುದು ಮುಖ್ಯ. ಹೊರದೂಡುವ ಫ್ಯಾನ್‌ಗಳ ಬಲ ಹೆಚ್ಚಾದರೆ ಒಳಗಿನ ಒತ್ತಡ ತಗ್ಗುತ್ತದೆ. ಹಿಂಬದಿಯ ಖಾಲಿ ಸ್ಲಾಟ್, ಡಿವಿಡಿ ಡ್ರೈವ್‌ನ ಅಂಚು, ಹೀಗೆ ಸಿಕ್ಕ ಸಂದುಗಳಿಂದೆಲ್ಲ ಸೋಸದ ಗಾಳಿ ನುಗ್ಗುತ್ತದೆ. ಒಳಗೆಳೆಯುವ ಬಲ ತುಸು ಹೆಚ್ಚಿದ್ದರೆ ಅದೇ ಸಂದುಗಳಿಂದ ಗಾಳಿ ಹೊರಗೆ ಹೋಗುತ್ತದೆ, ಒಳಬರುವ ಗಾಳಿ ಧೂಳು ಸೋಸುವ ಜಾಲರಿಯನ್ನು, ಅಂದರೆ ಫಿಲ್ಟರ್ ದಾಟಿಯೇ ಬರಬೇಕಾಗುತ್ತದೆ. ಮುಂದೆ 120 ಮಿ.ಮೀ. ಫ್ಯಾನ್ ಎರಡು ಒಳಕ್ಕೆ, ಹಿಂದೆ ಒಂದು ಹೊರಕ್ಕೆ. ಸಾಮಾನ್ಯ ಯಂತ್ರಕ್ಕೆ ಧಾರಾಳವಾಯಿತು. ಮೋಟಾರನ್ನು ಹಿಡಿದಿರುವ ಪ್ಲಾಸ್ಟಿಕ್ ಕಡ್ಡಿಗಳು ಯಾವ ಬದಿಗಿವೆಯೋ ಗಾಳಿ ಆ ಬದಿಗೆ ಹೊರಬೀಳುತ್ತದೆ. ತಿರುಗುಮುರುಗಾಗಿ ಕೂರಿಸಿದ ಫ್ಯಾನ್‌ಗಳು ಬೇಕಾದಷ್ಟು ಕಣ್ಣಿಗೆ ಬೀಳುತ್ತವೆ.

ಫಿಲ್ಟರ್ ಗಾಳಿಯನ್ನು ಸ್ವಲ್ಪ ತಡೆಯುವುದರಿಂದ ಲೆಕ್ಕ ಏರುಪೇರಾಗಬಹುದು. ಕೋಣೆಯ ಫ್ಯಾನ್ ನಿಲ್ಲಿಸಿ, ಯಂತ್ರ ಚಾಲೂ ಇರುವಾಗ ಊದುಬತ್ತಿಯನ್ನು ಹೊರಗಿನಿಂದಲೇ ಸಂದಿನ ಬಳಿ ಹಿಡಿಯಿರಿ. ಹೊಗೆಯ ಎಳೆ ಸಂದಿನೊಳಕ್ಕೆ ಬಾಗಿದರೆ ಬಯೋಸ್‌ನಲ್ಲಿ (ಕಂಪ್ಯೂಟರ್ ಶುರುವಾಗುವಾಗ ತೆರೆಯಬಹುದಾದ ಸೆಟ್ಟಿಂಗ್ ಪುಟದಲ್ಲಿ) ಹಿಂದಿನ ಫ್ಯಾನಿನ ವೇಗ ಇಳಿಸಿ. ಹೊರಕ್ಕೆ ಚದುರಿದರೆ ಸರಿಯಾಗಿದೆ.

ಕ್ಯಾಬಿನೆಟ್ಟನ್ನು ನೆಲದ ಮೇಲೆ ಇಡಬೇಡಿ; ಕಸ ಗುಡಿಸಿದಾಗ ಏಳುವ ಧೂಳು ನೇರ ಅದಕ್ಕೇ. ಕೋಣೆಯ ನೀರಿನ ಕೂಲರ್ ಎದುರಿಗೂ ಬೇಡ. ತೇವದ ಗಾಳಿಯಲ್ಲಿ ಸಿಮೆಂಟ್ ಧೂಳು ಹೀಟ್‌ಸಿಂಕ್‌ಗೆ (ಪ್ರೊಸೆಸರಿನ ಬಿಸಿ ಹೀರುವ ಲೋಹದ ಎಸಳುಗಳಿಗೆ) ಗಟ್ಟಿಯಾಗಿ ಅಂಟಿದರೆ ಗಾಳಿ ಊದುವ ಬ್ಲೋವರ್‌ಗೂ ಜಗ್ಗುವುದಿಲ್ಲ. ಮೇ ತಿಂಗಳಲ್ಲಿ ಹೊರಗೆ 42 ಡಿಗ್ರಿ ಇರುವಾಗ ಕೋಣೆಯೇ ಕಾದಿರುತ್ತದೆ. ಫ್ಯಾನ್ ಎಷ್ಟು ಹಾಕಿದರೂ ಒಳಭಾಗ ಕೋಣೆಗಿಂತ ತಣ್ಣಗಾಗದು.

ಈಗ ನಿಮ್ಮ ತೊಂದರೆ. ಪ್ಲಗ್ ಕಿತ್ತು, ಪ್ರೊಸೆಸರ್ ಮೇಲಿನ ಫ್ಯಾನ್ ಬಿಚ್ಚಿ ನೋಡಿ. ಮೇಲಿಂದ ಎಲ್ಲ ಸ್ವಚ್ಛ ಕಾಣುತ್ತದೆ, ಅಡಿಯಲ್ಲಿ ಅಲ್ಯೂಮಿನಿಯಂ ಎಸಳುಗಳ ಮೇಲೆ ಕಂಬಳಿಯಂತೆ ಧೂಳಿನ ಪದರ ಕೂತಿರುತ್ತದೆ. ಅದನ್ನು ಮೆತ್ತನೆಯ ಬ್ರಷ್‌ನಿಂದ ಎತ್ತಿ, ಅಂಗಳಕ್ಕೆ ಒಯ್ದು ಬ್ಲೋವರ್ ಹಿಡಿಯಿರಿ. ಆಗ ಫ್ಯಾನಿನ ರೆಕ್ಕೆಗಳನ್ನು ಬೆರಳಿನಿಂದ ಅದುಮಿ ಹಿಡಿದಿರಬೇಕು, ಗಿರ್ರೆಂದು ತಿರುಗಿದರೆ ಬೇರಿಂಗ್ ಹಾಳಾಗುತ್ತದೆ. ಪಂಕ್ಚರ್ ಅಂಗಡಿಯ ಕಂಪ್ರೆಸರ್ ಗಾಳಿಯಲ್ಲಿ ನೀರು, ಎಣ್ಣೆ ಬರಬಹುದು; ಅದು ಬೇಡ. ಫಿಲ್ಟರನ್ನು ಬೇಸಿಗೆಯಲ್ಲಿ ಹದಿನೈದು ದಿನಕ್ಕೊಮ್ಮೆ ತೊಳೆದು, ಪೂರ್ತಿ ಒಣಗಿಸಿಯೇ ಹಾಕಿ.

ನಂತರವೂ ಪ್ರೊಸೆಸರ್ 95 ಡಿಗ್ರಿ ದಾಟುತ್ತಿದ್ದರೆ ಹೀಟ್‌ಸಿಂಕ್ ತೆಗೆಸಿ, ಪ್ರೊಸೆಸರಿನ ಬಿಸಿಯನ್ನು ಅದಕ್ಕೆ ದಾಟಿಸುವ ಥರ್ಮಲ್ ಪೇಸ್ಟ್ ಹೊಸದಾಗಿ ಹಚ್ಚಿಸಿ. 70ರ ಆಸುಪಾಸಿನಲ್ಲಿದ್ದೂ ಬಂದ್ ಆದರೆ ಅನುಮಾನ ಎಸ್‌ಎಂಪಿಎಸ್ ಮೇಲೆ, ಅಂದರೆ ಕಂಪ್ಯೂಟರಿಗೆ ಕರೆಂಟ್ ಕೊಡುವ ಒಳಗಿನ ಡಬ್ಬಿಯ ಮೇಲೆ. ಅದನ್ನು ಮಾತ್ರ ನೀವು ಬಿಚ್ಚಬೇಡಿ, ಪ್ಲಗ್ ತೆಗೆದ ಮೇಲೂ ಕೆಪಾಸಿಟರ್‌ಗಳಲ್ಲಿ ಕರೆಂಟ್ ಉಳಿದಿರುತ್ತದೆ.