ಹೊಸಬರೂ ಹಳಬರೂ ಒಂದೇ ಇಂಪ್ರೊವ್ ಕ್ಲಾಸಿಗೆ ಬಂದರೆ ಹೇಗೆ ಕಲಿಸುವುದು?

ನಿಮ್ಮ ಪ್ರಶ್ನೆ ನನಗೆ ಅರ್ಥವಾಗಿದ್ದು ಹೀಗೆ: ವಾರಕ್ಕೊಂದು ಸಂಜೆ ನಡೆಯುವ ಎರಡು ಗಂಟೆಯ ಇಂಪ್ರೊವ್ ಕಾಮಿಡಿ (ಮೊದಲೇ ಬರೆದಿಟ್ಟುಕೊಳ್ಳದೆ ಅಲ್ಲೇ ಹುಟ್ಟಿಸಿ ಆಡುವ ಹಾಸ್ಯನಾಟಕ) ಕ್ಲಾಸು ನಿಮ್ಮ ಹೆಗಲಿಗೆ ಬಂದಿದೆ. ಪ್ರತಿವಾರ ಮೂರ್ನಾಲ್ಕು ಹೊಸ ಮುಖಗಳು, ಮಿಕ್ಕವರು ಬಹಳ ದಿನಗಳಿಂದ ತಪ್ಪದೆ ಬರುವವರು. ಹೊಸಬರಿಗೆ ತಕ್ಕಂತೆ ಮಾಡಿದರೆ ಹಳಬರು ಆಕಳಿಸುತ್ತಾರೆ, ಹಳಬರಿಗೆ ತಕ್ಕಂತೆ ಮಾಡಿದರೆ ಹೊಸಬರು ಮುಂದಿನ ವಾರ ನಾಪತ್ತೆ. ಎರಡು ಗುಂಪು ಮಾಡಬೇಕಾ, ಎದ್ದು ನಿಲ್ಲಲು ಒಪ್ಪದವರನ್ನು ಏನು ಮಾಡಬೇಕು, ಕೊನೆಗೊಂದು ಶೋ ಇಡಬೇಕಾ ಅಂತಲೂ ಕೇಳಿದ್ದೀರಿ. ಇಂಥದ್ದೇ ಕ್ಲಾಸನ್ನು ಕೆಲವು ವರ್ಷಗಳಿಂದ ನಡೆಸುತ್ತಿದ್ದೇನೆ, ಹಾಗಾಗಿ ಉತ್ತರ ಸ್ವಲ್ಪ ಉದ್ದವಾಗುತ್ತದೆ.

ಎರಡು ಗುಂಪು ಮಾಡಬೇಡಿ. ಆಟ ಎಲ್ಲರಿಗೂ ಒಂದೇ ಇರಲಿ, ಆ ಆಟದೊಳಗೆ ಹಳಬರಿಗೆ ಭಾರ ಜಾಸ್ತಿ ಹಾಕಿ. ಇಂಥ ಕ್ಲಾಸಿನಲ್ಲಿ ತೊಂದರೆ ಕೊಡುವವರು ಹೊಸಬರು ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ನನ್ನ ಅನುಭವದಲ್ಲಿ ಹೊಸಬರಿಗೆ ಇರುವುದು ಭಯ ಒಂದೇ, ಅದು ಅರ್ಧ ಗಂಟೆಯಲ್ಲಿ ಇಳಿಯುತ್ತದೆ. ಹಳಬರಿಗೆ ಚಟಗಳು ಅಂಟಿರುತ್ತವೆ. ನಿಮ್ಮ ನಿಜವಾದ ಕೆಲಸ ಇರುವುದು ಅಲ್ಲಿ.

ಮೊದಲು ಭಯದ ವಿಷಯ ಮುಗಿಸೋಣ. ಸುಮಾರು 15 ನಿಮಿಷ ವಾರ್ಮ್-ಅಪ್ ಸಾಕು. ವೃತ್ತದಲ್ಲಿ ನಿಂತು ಹೆಸರು ಹೇಳುವುದು, ಆಮೇಲೆ ಜಿಪ್-ಜ್ಯಾಪ್-ಜಾಪ್ ಥರದ ಒಂದು ಆಟ: ಚಪ್ಪಾಳೆ ತಟ್ಟಿ, ಕೈ ತೋರಿಸಿ, ಒಂದೊಂದು ಪದವನ್ನು ಒಬ್ಬರಿಂದ ಒಬ್ಬರಿಗೆ ದಾಟಿಸುವುದು. ತಪ್ಪಿದವರನ್ನು ಔಟ್ ಮಾಡಬೇಡಿ. ಯಾರು ತಪ್ಪಿದರೂ ಎಲ್ಲರೂ ಸೇರಿ ಹೋ ಅಂತ ಕೂಗಿ ಚಪ್ಪಾಳೆ ಹೊಡೆಯಲಿ, ಮತ್ತೆ ಶುರುವಾಗಲಿ. ಮೊದಲ ತಪ್ಪು ಹಳಬರೊಬ್ಬರಿಂದಲೇ ಆದರೆ ಇನ್ನೂ ಒಳ್ಳೆಯದು. ಹಳಬರಿಗೆ ಗೊತ್ತಿರುವ ಆಟಕ್ಕೆ ಹೊಸ ಹೊಸ ರೂಲು ಸೇರಿಸುವ ಆಸೆ ಇರುತ್ತದೆ. ವರ್ಷ ಕಳೆಯುವಷ್ಟರಲ್ಲಿ ಆ ಆಟ ಆ ಗುಂಪಿನ ಗುಟ್ಟಾಗಿಬಿಡುತ್ತದೆ, ಹೊಸಬರು ಪಿಳಿಪಿಳಿ ನೋಡುತ್ತಾ ನಿಲ್ಲುತ್ತಾರೆ. ಮೂರು ವಾಕ್ಯದಲ್ಲಿ ಹೇಳಿ ಮುಗಿಸಲಾಗದ ಆಟವನ್ನು ಹೊಸಬರಿದ್ದ ದಿನ ಆಡಿಸಲೇಬೇಡಿ.

ಆಮೇಲೆ ತಕ್ಷಣ ಇಬ್ಬಿಬ್ಬರನ್ನು ಮುಂದೆ ಕರೆದು ಸೀನ್ ಮಾಡಿಸಬೇಡಿ. ಜನ ಹೆದರುವುದು ನಟಿಸಲು ಅಲ್ಲ, ನಟಿಸುವಾಗ ಹತ್ತು ಜನ ಕೂತು ನೋಡುವುದಕ್ಕೆ. ಎಲ್ಲರನ್ನೂ ಜೋಡಿ ಮಾಡಿ, ಎಲ್ಲ ಜೋಡಿಗಳೂ ಏಕಕಾಲಕ್ಕೆ ಆಡಲಿ. ಕೋಣೆ ತುಂಬ ಗಲಾಟೆ ಇರುತ್ತದೆ, ಯಾರನ್ನೂ ಯಾರೂ ನೋಡುತ್ತಿರುವುದಿಲ್ಲ. ಕನ್ನಡಿ ಆಟಕ್ಕೆ ಇದು ಸರಿಯಾದ ಹೊತ್ತು: ಎದುರುಬದುರು ನಿಂತು ಒಬ್ಬರು ಮಾಡಿದ್ದನ್ನು ಇನ್ನೊಬ್ಬರು ಹಾಗೇ ಮಾಡುವುದು, ಆಮೇಲೆ ಅದಲುಬದಲು, ಕೊನೆಗೆ ಮುಂದಾಳು ಯಾರು ಎಂಬುದೇ ಗೊತ್ತಾಗದ ಹಾಗೆ ಇಬ್ಬರೂ ಒಟ್ಟಿಗೆ. ಇನ್ನೊಂದು, ಒಬ್ಬೊಬ್ಬರು ಒಂದೊಂದೇ ಪದ ಹೇಳುತ್ತಾ ಇಬ್ಬರೂ ಸೇರಿ ಕತೆ ಕಟ್ಟುವುದು. ಈ ಎರಡನೆಯದರಲ್ಲಿ ಹಳಬರಿಗೂ ಹೊಸಬರಿಗೂ ವ್ಯತ್ಯಾಸವೇ ಉಳಿಯುವುದಿಲ್ಲ. 'ಆದ್ದರಿಂದ' ಅಂತ ಮಾತ್ರ ಹೇಳಿ ಕತೆಯನ್ನು ಪಕ್ಕದವರ ಕೈಗೆ ಬಿಡಬೇಕಾದಾಗ ಎಷ್ಟು ವರ್ಷ ಕಲಿತಿದ್ದರೂ ಅಷ್ಟೇ.

ಈ ಆಟಗಳು ಎಲ್ಲಿಂದ ಬಂದವು ಅಂತ ತಿಳಿದಿದ್ದರೆ ಕಲಿಸುವವರಿಗೆ ಧೈರ್ಯ ಬರುತ್ತದೆ. ವಯೋಲಾ ಸ್ಪೋಲಿನ್ 1920ರ ದಶಕದಲ್ಲಿ ಷಿಕಾಗೋದಲ್ಲಿ ನೀವಾ ಬಾಯ್ಡ್ ಅವರ ಬಳಿ ಗುಂಪು ಆಟಗಳನ್ನು ಕಲಿತರು. 1930ರ ದಶಕದ ಕೊನೆಗೆ, ಬೇರೆ ಬೇರೆ ದೇಶಗಳಿಂದ ವಲಸೆ ಬಂದ ಮನೆಗಳ ಮಕ್ಕಳಿಗೂ ದೊಡ್ಡವರಿಗೂ ನಾಟಕ ಹೇಳಿಕೊಡುವಾಗ ಅಂಥ ಆಟಗಳನ್ನೇ ರಂಗಕ್ಕೆ ಒಗ್ಗಿಸಿದರು. ಅವರ ಮಗ ಪಾಲ್ ಸಿಲ್ಸ್ 1959ರಲ್ಲಿ ಷಿಕಾಗೋದ ಸೆಕೆಂಡ್ ಸಿಟಿ ಎಂಬ ಕಾಮಿಡಿ ರಂಗತಂಡವನ್ನು ಕಟ್ಟಿದವರಲ್ಲೊಬ್ಬರು. ಕಾಮಿಡಿ ಈ ಆಟಗಳಿಗೆ ಸೇರಿಕೊಂಡಿದ್ದು ಆಮೇಲೆ. ಅನುಭವ, ಭಾಷೆ, ವಯಸ್ಸು ಯಾವುದೂ ಒಂದೇ ಸಮ ಇಲ್ಲದ ಗುಂಪಿಗಾಗಿಯೇ ಇವು ಹುಟ್ಟಿದ್ದು. ಆದ್ದರಿಂದ ನಿಮ್ಮ ಕಲಸುಮೇಲೋಗರ ಕ್ಲಾಸು ಇವುಗಳ ತವರುಮನೆ ಅಂತಲೇ ತಿಳಿಯಿರಿ.

ಸ್ಪೋಲಿನ್ ಅವರಿಂದ ಕಲಿಯಬೇಕಾದ ಇನ್ನೊಂದು ವಿದ್ಯೆ ಸೈಡ್ ಕೋಚಿಂಗ್. ಆಟ ನಿಲ್ಲಿಸದೆ ಪಕ್ಕದಿಂದ ಒಂದೆರಡು ಮಾತು ಎಸೆಯುವುದು. 'ಅವರ ಕಣ್ಣು ನೋಡಿ.' 'ಆ ಮಾತು ನಿಮಗೆ ತಾಗಿತಾ?' 'ಹೇಳಬೇಡಿ, ಮಾಡಿ.' 'ಕೈಯಲ್ಲಿರೋ ಪೆಟ್ಟಿಗೆ ಎಲ್ಲಿ ಹೋಯ್ತು?' ಆಡುವವರು ನಿಮ್ಮ ಕಡೆ ತಿರುಗಬಾರದು, ಕೇಳಿಸಿಕೊಂಡು ಮುಂದುವರಿಯಬೇಕು. ನಿಲ್ಲಿಸಿ ಐದು ನಿಮಿಷ ಭಾಷಣ ಮಾಡುವ ಮೇಷ್ಟ್ರು ಹೊಸಬರಿಗೆ ಬಹಳ ಬುದ್ಧಿವಂತರಾಗಿ ಕಾಣುತ್ತಾರೆ, ಆದರೆ ಆ ಐದು ನಿಮಿಷದಲ್ಲಿ ಎರಡು ಸೀನ್ ಆಗುತ್ತಿತ್ತು.

'ಹೌದು, ಮತ್ತೆ' ಎಂಬ ಸೂತ್ರವನ್ನು (ಎದುರಿನವರು ಹೇಳಿದ್ದನ್ನು ಒಪ್ಪಿ, ಅದಕ್ಕೆ ಇನ್ನೇನನ್ನೋ ಸೇರಿಸುವುದು) ಮೊದಲ ದಿನವೇ ಹೇಳಿಕೊಡುತ್ತೀರಿ, ಬಿಡಿ. ಆದರೆ ಉದಾಹರಣೆ ಆಡಿ ತೋರಿಸಿ. ಒಬ್ಬರು 'ಡಾಕ್ಟ್ರೇ, ನನ್ನ ನೆರಳು ಕಳೆದುಹೋಗಿದೆ' ಅನ್ನುತ್ತಾರೆ. ಇನ್ನೊಬ್ಬರು 'ನಾನು ಡಾಕ್ಟರ್ ಅಲ್ಲ, ನಲ್ಲಿ ರಿಪೇರಿಗೆ ಬಂದವನು' ಅಂದರೆ ಕೋಣೆ ನಗುತ್ತದೆ, ಸೀನ್ ಅಲ್ಲಿಗೆ ಸತ್ತಿತು. ಅದರ ಬದಲು 'ಯಾವಾಗಿಂದ? ನಿಮ್ಮಿಬ್ಬರ ಮಧ್ಯೆ ಜಗಳ ಏನಾದ್ರೂ ಆಗಿತ್ತಾ?' ಅಂದರೆ ನಗು ಸ್ವಲ್ಪ ತಡವಾಗಿ ಬರುತ್ತದೆ, ಆದರೆ ಈಗ ಇಬ್ಬರ ಕೈಯಲ್ಲೂ ಏನೋ ಇದೆ. ಇಲ್ಲಿ ಹೊಸಬರು ಸಾಮಾನ್ಯವಾಗಿ ಎಡವುವ ಒಂದು ಜಾಗವಿದೆ: ಪಾತ್ರ ಎಲ್ಲದಕ್ಕೂ ತಲೆಯಾಡಿಸಬೇಕು ಅಂದುಕೊಳ್ಳುತ್ತಾರೆ. ಒಪ್ಪಬೇಕಾದವರು ಆಟಗಾರರು, ಪಾತ್ರಗಳು ಅಲ್ಲ. 'ಸಾಲ ಕೊಡೋ' ಅಂದಾಗ 'ಕೊಡಲ್ಲ, ಹೋದ ಸಲದ್ದು ವಾಪಸ್ ಕೊಡೋಕೆ ನೀನು ನನ್ನ ಕುದುರೆಯನ್ನೇ ಮಾರಿದೆ' ಅಂದರೆ ಅದು ಪಕ್ಕಾ ಒಪ್ಪಿಗೆ. ಸಾಲವೂ ನಿಜ, ಸ್ನೇಹವೂ ನಿಜ, ಕುದುರೆ ಬೋನಸ್ಸು.

ಇನ್ನು ಹಳಬರು. ಅವರ ಚಟಗಳು ಎಲ್ಲ ಕಡೆ ಒಂದೇ ಥರ. ಹೊಸಬರು ತಡವರಿಸಿದ ಕೂಡಲೇ ಸೀನನ್ನು 'ಕಾಪಾಡಲು' ಹೊರಡುತ್ತಾರೆ. ಪಾತ್ರದ ಬಾಯಲ್ಲೇ ಪಾಠ ಹೇಳುತ್ತಾರೆ: 'ನೀನು ನನ್ನ ತಮ್ಮ ತಾನೇ, ಹೇಳು, ನಾವೀಗ ಎಲ್ಲಿದ್ದೀವಿ?' ಮೂರು ತಿಂಗಳ ಹಿಂದೆ ನಕ್ಕಿದ್ದ ಜೋಕನ್ನು ಮತ್ತೆ ತರುತ್ತಾರೆ, ಹಳಬರೆಲ್ಲ ನಗುತ್ತಾರೆ, ಹೊಸಬರು ಸುಮ್ಮನೆ ಹಲ್ಲು ಕಿರಿಯುತ್ತಾರೆ. ಇದಕ್ಕೆ ಬುದ್ಧಿಮಾತು ಹೇಳಿ ಪ್ರಯೋಜನವಿಲ್ಲ. ಸೀನ್ ಶುರುವಾಗುವ ಮೊದಲು ಅವರ ಕಿವಿಯಲ್ಲಿ ಒಂದು ನಿರ್ಬಂಧ ಹಾಕಿ. ಈ ಸೀನಿನಲ್ಲಿ ಐದು ಪದಕ್ಕಿಂತ ಉದ್ದದ ವಾಕ್ಯ ಆಡುವಂತಿಲ್ಲ. ಅಥವಾ, ಹೊಸ ಸಂಗತಿ ಯಾವುದನ್ನೂ ನೀವು ತರುವಂತಿಲ್ಲ, ಎದುರಿನವರು ತಂದದ್ದನ್ನೇ ದೊಡ್ಡದು ಮಾಡಬೇಕು. ಅಥವಾ, ಪ್ರತಿ ಮಾತಿಗೂ ಮೊದಲು ಮುಖದಲ್ಲಿ ಬದಲಾವಣೆ, ಆಮೇಲೆ ಬಾಯಿ. ಎರಡನೆಯದು ನನಗೆ ಬಹಳ ಇಷ್ಟ. ಚೆನ್ನಾಗಿ ಪಳಗಿದವರಿಗೂ ಬೆವರು ಬರುತ್ತದೆ, ಎದುರಿನ ಹೊಸಬರಿಗೆ ಮಾತ್ರ ತಾನು ಆಡಿದ್ದೆಲ್ಲ ಬಂಗಾರವಾಯಿತಲ್ಲ ಅನಿಸುತ್ತದೆ. ಬೇಸರ ಅಂತ ದೂರುವ ಹಳಬರಿಗೆ ಇದನ್ನು ಕೊಟ್ಟು ನೋಡಿ, ಮುಂದಿನ ವಾರ ಅವರೇ ಹೊಸಬರ ಜೊತೆ ಜೋಡಿ ಕೇಳುತ್ತಾರೆ.

ಅನುಭವವನ್ನು ಪೂರ್ತಿ ಅಳಿಸಿಹಾಕುವ ಆಟ ಬೇಕಿದ್ದರೆ ಇಸ್ಪೀಟು ಎಲೆ ತನ್ನಿ. ಲಂಡನ್ನಿನ ರಾಯಲ್ ಕೋರ್ಟ್ ರಂಗಮಂದಿರದಲ್ಲಿ ಕೆಲಸ ಮಾಡಿ, ಆಮೇಲೆ ಕೆನಡಾದ ಕ್ಯಾಲ್ಗರಿಯಲ್ಲಿ ಲೂಸ್ ಮೂಸ್ ತಂಡ ಕಟ್ಟಿದ ಕೀತ್ ಜಾನ್‌ಸ್ಟನ್ ಇಂಪ್ರೊವ್‌ಗೆ ಕೊಟ್ಟ ದೊಡ್ಡ ಕೊಡುಗೆ ಸ್ಟೇಟಸ್ ಎಂಬ ವಿಚಾರ. ಇಬ್ಬರು ಮಾತಾಡುವಾಗ ಪ್ರತಿ ಕ್ಷಣವೂ ಒಬ್ಬರು ಸ್ವಲ್ಪ ಮೇಲೆ, ಇನ್ನೊಬ್ಬರು ಸ್ವಲ್ಪ ಕೆಳಗೆ. ಮಾತಾಡುವಾಗ ತಲೆ ಅಲುಗಿಸದೆ ಇದ್ದರೆ ಸಾಕು, ಮನುಷ್ಯ ಎತ್ತರಕ್ಕೆ ಹೋಗುತ್ತಾನೆ. ಮುಖ ಮುಟ್ಟಿಕೊಳ್ಳುತ್ತಾ ಇದ್ದರೆ ಇಳಿಯುತ್ತಾನೆ. ಎಲೆಯ ಆಟ ಹೀಗೆ: ಪ್ರತಿಯೊಬ್ಬರೂ ಒಂದು ಎಲೆಯನ್ನು ನೋಡದೆ ಹಣೆಗೆ ಹಿಡಿದುಕೊಳ್ಳಬೇಕು. ದೊಡ್ಡ ಎಲೆ ಇದ್ದವರಿಗೆ ಎಲ್ಲರೂ ಮರ್ಯಾದೆ ಕೊಡಬೇಕು, ಚಿಕ್ಕ ಎಲೆ ಇದ್ದವರನ್ನು ಕಡೆಗಣಿಸಬೇಕು. ಐದು ನಿಮಿಷ ಒಂದು ಮದುವೆ ಮನೆಯಲ್ಲಿ ಓಡಾಡಿದ ಹಾಗೆ ಓಡಾಡಿ, ಕೊನೆಗೆ ತಮ್ಮ ಎಲೆ ಯಾವುದಿರಬಹುದು ಅಂತ ಊಹಿಸಿ ಸಾಲಾಗಿ ನಿಲ್ಲಬೇಕು. ಬಹುತೇಕ ಸರಿಯಾಗೇ ನಿಲ್ಲುತ್ತಾರೆ. ಅವತ್ತೇ ಬಂದವರ ಹಣೆಯಲ್ಲಿ ರಾಜ, ಕ್ಲಾಸಿನ ಹೀರೋ ಹಣೆಯಲ್ಲಿ ಎರಡು ಬಂದರಂತೂ ಅವತ್ತಿನ ಕ್ಲಾಸು ತಾನಾಗೇ ನಡೆಯುತ್ತದೆ.

ಜಾನ್‌ಸ್ಟನ್ ಒತ್ತಿ ಹೇಳುತ್ತಿದ್ದ ಇನ್ನೊಂದು ಮಾತೂ ಇಲ್ಲಿ ಬೇಕು: ಹೊಸದೇನೋ ಹೇಳಲು ಒದ್ದಾಡಬೇಡಿ, ಮೊದಲು ಹೊಳೆದ ಸಾದಾ ಮಾತನ್ನೇ ಆಡಿ. ಹೊಸಬರಿಗೆ ಇದು ಬಿಡುಗಡೆ. ಸ್ಟ್ಯಾಂಡ್-ಅಪ್ ಮಾಡಿ ಅಭ್ಯಾಸವಿದ್ದವರಿಗೆ ಇದು ಶಿಕ್ಷೆ. ಅವರು ಮೈಕ್ ಮುಂದೆ ಒಬ್ಬರೇ ನಿಂತು ಗೆದ್ದವರು, ಎದುರಿನವರು ಮಾತಾಡುವಾಗ ತಮ್ಮ ಪಂಚ್‌ಲೈನಿಗೆ ಸರದಿ ಕಾಯುತ್ತಿರುತ್ತಾರೆ. ಕಣ್ಣಿನಲ್ಲೇ ಗೊತ್ತಾಗುತ್ತದೆ. ಅವರಿಗೆ ಮಾತೇ ಇಲ್ಲದ ಸೀನ್ ಕೊಡಿ.

ಸೀನ್ ಮುಗಿದ ಮೇಲೆ ನೋಟ್ಸ್, ಅಂದರೆ ಸೀನ್ ಹೇಗಿತ್ತು ಎಂಬ ಅಭಿಪ್ರಾಯ, ಕೊಡುವವರು ನೀವೊಬ್ಬರೇ. ಹಳಬರು ಹೊಸಬರಿಗೆ ಸಲಹೆ ಕೊಡುವಂತಿಲ್ಲ, ಟೀ ವಿರಾಮದಲ್ಲೂ ಕೊಡುವಂತಿಲ್ಲ. ಈ ಒಂದು ವಿಷಯದಲ್ಲಿ ನಾನು ಗಟ್ಟಿ. ನಿಮ್ಮ ನೋಟ್ಸ್ ಕೂಡ ಒಂದು ಸೀನಿಗೆ ಒಂದೇ ಇರಲಿ, ಆಗಿದ್ದನ್ನು ಕುರಿತೇ ಇರಲಿ: 'ಆ ಚೀಲ ಕೆಳಗಿಟ್ಟಾಗ ಅದರ ಭಾರ ನಮಗೆಲ್ಲ ಕಾಣಿಸಿತು.' ಕೈಕೊಟ್ಟ ಸೀನಿನ ಬಗ್ಗೆ ಭಾಷಣಕ್ಕಿಂತ 'ಆ ಕೊನೆಯ ಮಾತಿಗೆ ಬೇರೆ ಉತ್ತರ ಕೊಟ್ಟು ಮತ್ತೆ ಶುರು ಮಾಡಿ' ಅನ್ನುವುದು ಒಳ್ಳೆಯದು. ನಗು ಜೋರಾಗಿ ಬಂದ ಕಡೆ ಕಟ್ ಮಾಡಿ ಚಪ್ಪಾಳೆ ಹೊಡೆಸಿ. ಹೊಸಬರ ಸೀನನ್ನು ಎಳೆಯಲು ಬಿಟ್ಟು ಒಣಗಿಸಬೇಡಿ.

ಸಮಯದ ಲೆಕ್ಕ ಮೊದಲೇ ಮಾಡಿಕೊಳ್ಳಿ. 16 ಜನ ಇದ್ದರೆ 8 ಜೋಡಿ. ಸೀನಿಗೆ ಮೂರು, ಮಾತಿಗೆ ಎರಡು ಅಂತ ಐದು ನಿಮಿಷ ಹಿಡಿದರೂ ಒಂದು ಸುತ್ತಿಗೆ 40 ನಿಮಿಷ. ಅದಕ್ಕಿಂತ ಹೆಚ್ಚು ಜನ ಬಂದರೆ ಮೂರು ಮೂರು ಜನರ ಸೀನ್ ಮಾಡಿಸಿ, ಇಲ್ಲದಿದ್ದರೆ ಕೂತು ನೋಡುವುದೇ ಕ್ಲಾಸಾಗುತ್ತದೆ. ಪಾಠವನ್ನು ಹೋದ ವಾರದ ಮೇಲೆ ಕಟ್ಟಬೇಡಿ. ಒಂದು ವಾರಕ್ಕೆ ಒಂದು ವಿಷಯ, ಅಲ್ಲೇ ಶುರು, ಅಲ್ಲೇ ಮುಗಿತಾಯ: ಕೇಳಿಸಿಕೊಳ್ಳುವುದು, ಜಾಗ ಮತ್ತು ವಸ್ತು, ಸಂಬಂಧ, ಸ್ಟೇಟಸ್, ಎಡಿಟ್ (ಸೀನನ್ನು ಎಲ್ಲಿ ಕಟ್ ಮಾಡುವುದು ಎಂಬುದು). ಅದೇ ವಿಷಯ ಮತ್ತೆ ಬಂದಾಗ ಹಳಬರು ಬೇರೆಯವರಾಗಿರುತ್ತಾರೆ.

ಹೆರಾಲ್ಡ್‌ನಂಥ ಲಾಂಗ್-ಫಾರ್ಮ್ (ಹಲವು ಸೀನುಗಳನ್ನು ಹೆಣೆದು ಆಡುವ ಉದ್ದನೆಯ ಇಂಪ್ರೊವ್) ಮಾಡೋಣ ಅಂತ ಹಳಬರು ಪೀಡಿಸುತ್ತಾರೆ. ಮೂರು ಸೀನುಗಳು, ನಡುವೆ ಗುಂಪು ಆಟ, ಮತ್ತೆ ಅವೇ ಸೀನುಗಳು ಮರಳುವುದು, ಇದೆಲ್ಲ ಅವತ್ತೇ ಬಂದವರ ತಲೆಗೆ ಹತ್ತುವುದಿಲ್ಲ. ಅದನ್ನು ಬೇರೆ ದಿನದ ಪ್ರಾಕ್ಟೀಸಿಗೆ ಇಡಿ. ಕ್ಲಾಸಿನ ಕೊನೆಯ 25 ನಿಮಿಷಕ್ಕೆ ಅರ್ಮಾಂಡೊ ಎಂಬ ಇನ್ನೊಂದು ಮಾದರಿ ಬಹಳ ಒಗ್ಗುತ್ತದೆ. ಒಬ್ಬರು ಒಂದು ಪದ ತಗೊಂಡು ತಮ್ಮ ಬದುಕಿನ ಒಂದು ಸಣ್ಣ ನಿಜ ಘಟನೆ ಹೇಳುತ್ತಾರೆ, ಉಳಿದವರು ಅದರಿಂದ ಹೊಳೆದ ಸೀನುಗಳನ್ನು ಆಡುತ್ತಾರೆ. ಹೇಳುವ ಕೆಲಸ ಹೊಸಬರಿಗೆ ಕೊಡಿ. ನಟಿಸಬೇಕಾಗಿಲ್ಲ, ನಗಿಸಬೇಕಾಗಿಲ್ಲ. ತಾನು ಬೀಗದ ಕೈ ಕಳೆದುಕೊಂಡ ಕತೆಯಿಂದ ಮೂರು ಸೀನ್ ಹುಟ್ಟಿದ್ದನ್ನು ಕಂಡವರು, ನಾಲ್ಕನೆಯದಕ್ಕೆ ತಾವೇ ನುಗ್ಗಿದ್ದನ್ನು ಎಷ್ಟೋ ಸಲ ನೋಡಿದ್ದೇನೆ.

ಏಳಲು ಒಪ್ಪದವರನ್ನು ಕೈ ಹಿಡಿದು ಎಳೆಯಬೇಡಿ. ಸಜೆಶನ್ ಕೊಡುವುದು (ಸೀನ್ ಶುರುವಾಗಲು ಒಂದು ಪದ ಹೇಳುವುದು), ಬೆಲ್ ಹೊಡೆಯುವುದು, ಮಳೆ ಸದ್ದು ಮಾಡುವುದು, ಇಂಥ ಕೆಲಸ ವಹಿಸಿ. ದ್ವಿತೀಯಾರ್ಧದಲ್ಲಿ ಹೆಚ್ಚಿನವರು ಎದ್ದೇಳುತ್ತಾರೆ, ಕೆಲವರು ಏಳುವುದಿಲ್ಲ, ಇರಲಿ. ಮುಟ್ಟುವ ವಿಷಯ ಮಾತ್ರ ಶುರುವಿನಲ್ಲೇ ನೇರವಾಗಿ ಹೇಳಿ: ಕೇಳದೆ ಯಾರೂ ಯಾರನ್ನೂ ಎತ್ತುವುದು, ತಬ್ಬುವುದು ಬೇಡ. ಯಾರು ಬೇಕಾದರೂ ಕೈ ಎತ್ತಿ ಸೀನಿನಿಂದ ಹೊರಬರಬಹುದು, ಕಾರಣ ಕೇಳುವುದಿಲ್ಲ. ಜೊತೆಯವರ ಮೈಬಣ್ಣ, ದೇಹ, ಉಚ್ಚಾರಣೆ ಹಿಡಿದು ಜೋಕು ಬಂದರೆ ಅಲ್ಲೇ ಕಟ್ ಮಾಡಿ, ಯಾಕೆ ಅಂತ ಒಂದೇ ವಾಕ್ಯದಲ್ಲಿ ಹೇಳಿ, ಮುಂದಿನ ಸೀನಿಗೆ ಹೋಗಿ. ನೀವು ಕಟ್ ಮಾಡುತ್ತೀರಿ ಎಂಬುದು ಒಂದು ಸಲ ಗೊತ್ತಾದರೆ ಜನ ಧೈರ್ಯವಾಗಿ ಆಡುತ್ತಾರೆ.

ಶೋ ಬಗ್ಗೆ: ಈಗಲೇ ಬೇಡ. ಶೋ ಇದೆ ಅಂದ ಕೂಡಲೇ ಹಳಬರು ತಂಡ ಕಟ್ಟಲು ಶುರು ಮಾಡುತ್ತಾರೆ, ಹೊಸಬರು ಪ್ರೇಕ್ಷಕರಾಗುತ್ತಾರೆ. ಇಡಲೇಬೇಕು ಅನಿಸಿದರೆ 20 ನಿಮಿಷದ್ದು, ಪ್ರತಿಯೊಬ್ಬರೂ ಒಬ್ಬೊಬ್ಬ ಗೆಳೆಯರನ್ನು ಮಾತ್ರ ಕರೆತರುವಂಥದ್ದು ಇಡಿ. ತಂಡಗಳನ್ನು ಅಲ್ಲೇ ಚೀಟಿ ಎತ್ತಿ ಮಾಡಿ.